ವಾಕ್ಯ ಸಾಲ ಕೊಡಿ, ಅಭಿಪ್ರಾಯ ಕೊಡಬೇಡಿ: ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ‘ನನಗನ್ಸುತ್ತೆ’ ಬರೆಯೋದು ಕಲಿಸುವುದು ಹೇಗೆ?

ಇದು ಈ ವಾರದ ಎಪಿಸೋಡಿನ ಬರಹ ರೂಪ. ಇಯರ್‌ಫೋನ್ ಮನೆಯಲ್ಲೇ ಮರೆತು ಬಸ್ ಹತ್ತಿದವರು ಇದನ್ನ ಓದಿಕೊಳ್ಳಬಹುದು.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಮಾವಿನ ಹಣ್ಣಲ್ಲಿ ಯಾವುದು ಚೆನ್ನ, ಬಾದಾಮಿನಾ, ರಸಪುರಿನಾ? ನೋಡಿ, ಪ್ರಶ್ನೆ ಮುಗಿಯೋ ಮೊದಲೇ ನಿಮಗೆ ಉತ್ತರ ಬಂತು. ಯಾಕೆ ಅಂತ ಕೇಳಿದ್ರೆ ಕಾರಣಾನೂ ಇದೆ. ಪಕ್ಕದವರು ಇನ್ನೊಂದು ಹೆಸರು ಹೇಳಿದ್ರೆ ಸಣ್ಣ ಜಗಳಕ್ಕೂ ರೆಡಿ. ಈಗ ಇದನ್ನೇ ಇಂಗ್ಲಿಷ್‌ನಲ್ಲಿ ಐದು ಸಾಲು ಬರೀರಿ ಅಂದ್ರೆ? ಶಾಲೆಯಲ್ಲಿ ಕಲಿತದ್ದು ತಾನಾಗೇ ಬರುತ್ತೆ: ‘ಮ್ಯಾಂಗೋ ಈಸ್ ದ ಕಿಂಗ್ ಆಫ್ ಫ್ರೂಟ್ಸ್. ಇಟ್ ಈಸ್ ವೆರಿ ಸ್ವೀಟ್. ಐ ಲೈಕ್ ಮ್ಯಾಂಗೋ ವೆರಿ ಮಚ್.’ ನಿಮ್ಮ ರಸಪುರಿ ಎಲ್ಲಿ ಹೋಯ್ತು? ಆ ಜಗಳ ಎಲ್ಲಿ ಹೋಯ್ತು?

ಇಂಗ್ಲಿಷ್ ಕಲಿಯೋ ಚಿಕ್ಕ ಮಕ್ಕಳಿಗೆ ದಿನಾ ಆಗೋದು ಇದೇ. ಕನ್ನಡದಲ್ಲಿ ಬಾಯಿ ಮುಚ್ಚದ ಮಗು ಇಂಗ್ಲಿಷ್ ನೋಟ್‌ಬುಕ್ ತೆಗೆದ ಕೂಡಲೇ ಇನ್ಯಾರದ್ದೋ ಮಾತು ಬರೆಯುತ್ತೆ. ನಾನು ಓದಿದ್ದು ಬಿ.ಕಾಂ. ಆದರೆ ಡಿಗ್ರಿ ಮಾಡೋವಾಗ ಮೂರು ವರ್ಷ ನಮ್ಮ ರಸ್ತೆಯ ಮಕ್ಕಳಿಗೆ ಸಂಜೆ ಮನೆಪಾಠ ಹೇಳಿದ್ದೀನಿ. ಆಗ ನೋಡಿದ್ದು, ಆಮೇಲೆ ಓದಿ ತಿಳ್ಕೊಂಡಿದ್ದು ಎರಡನ್ನೂ ಸೇರಿಸಿ ಇವತ್ತು ಹೇಳ್ತೀನಿ. ಬಿ.ಎಡ್. ಮಾಡ್ತಿರೋರು, ಟ್ಯೂಷನ್ ಹೇಳೋರು, ಮನೇಲಿ ತಮ್ಮ ತಂಗಿಗೆ ಹೋಮ್‌ವರ್ಕ್ ಮಾಡಿಸೋರು, ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ ಅನ್ಕೊಂಡಿದ್ದೀನಿ.

ಹಸುವಿನ ಪ್ರಬಂಧಕ್ಕೂ ಇದಕ್ಕೂ ಏನು ವ್ಯತ್ಯಾಸ?

ನಾವೆಲ್ಲ ಹಸುವಿನ ಮೇಲೆ ಪ್ರಬಂಧ ಬರೆದೋರೇ. ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು, ಅದು ಹಾಲು ಕೊಡುತ್ತೆ. ಇದರಲ್ಲಿ ಒಂದು ವಾಕ್ಯಕ್ಕಾದ್ರೂ ಯಾರಾದರೂ ‘ಇಲ್ಲ, ನಾನು ಒಪ್ಪಲ್ಲ’ ಅನ್ನೋಕಾಗುತ್ತಾ? ಆಗಲ್ಲ. ಅದು ಮಾಹಿತಿ. ಇನ್ನೊಬ್ಬರು ಒಪ್ಪದೇ ಇರೋದಕ್ಕೆ ಎಲ್ಲಿ ಜಾಗ ಇರುತ್ತೋ ಅದು ಅಭಿಪ್ರಾಯ. ‘ಬೆಂಗಳೂರು ಕರ್ನಾಟಕದ ರಾಜಧಾನಿ’ ಮಾಹಿತಿ. ‘ಇರೋದಕ್ಕೆ ಬೆಂಗಳೂರಿಗಿಂತ ಮೈಸೂರು ವಾಸಿ’ ಅಭಿಪ್ರಾಯ. ಮಕ್ಕಳಿಗೆ ಈ ವ್ಯತ್ಯಾಸ ಹೇಳಿಕೊಡೋಕೆ ‘ಒಪ್ಪಲ್ಲ ಅನ್ನಬಹುದಾ?’ ಅನ್ನೋ ಒಂದೇ ಪ್ರಶ್ನೆ ಸಾಕು.

ಅಮೆರಿಕದಲ್ಲಿ 2010ರಲ್ಲಿ ‘ಕಾಮನ್ ಕೋರ್’ ಅನ್ನೋ ಕಲಿಕಾ ಮಾನದಂಡಗಳು ಬಂದವು. ಬಹುತೇಕ ರಾಜ್ಯಗಳು ಒಪ್ಪಿಕೊಂಡವು, ಆಮೇಲೆ ಕೆಲವು ಕೈಬಿಟ್ಟವು. ಅದರಲ್ಲಿ ಬರವಣಿಗೆಯ ಮೊದಲನೇ ಮಾನದಂಡವೇ ಅಭಿಪ್ರಾಯ ಬರೆಯೋದು, ಅದೂ ಕಿಂಡರ್‌ಗಾರ್ಟನ್‌ನಿಂದಲೇ. ಅಷ್ಟು ಚಿಕ್ಕ ಮಗು ಏನು ಬರೆಯುತ್ತೆ ಅಂತ ಕೇಳಬೇಡಿ. ಅದು ಚಿತ್ರ ಬಿಡಿಸಬಹುದು, ಬಾಯಲ್ಲಿ ಹೇಳಿ ದೊಡ್ಡವರ ಕೈಲಿ ಬರೆಸಬಹುದು. ‘ನನಗೆ ಈ ಪುಸ್ತಕ ಇಷ್ಟ’ ಅಂದ್ರೆ ಸಾಕು. ಒಂದನೇ ತರಗತಿಗೆ ಒಂದು ಕಾರಣ ಕೊಡಬೇಕು. ಎರಡನೇದಕ್ಕೆ ಕಾರಣಗಳು ಬೇಕು, ಅವನ್ನ ಜೋಡಿಸೋಕೆ ‘ಬಿಕಾಸ್’, ‘ಆಲ್ಸೋ’ ಥರದ ಪದಗಳು ಬೇಕು. ಮೂರನೇದಕ್ಕೆ ಕಾರಣಗಳನ್ನ ಒಂದು ಕ್ರಮದಲ್ಲಿ ಇಡಬೇಕು. ನಾಲ್ಕನೇದಕ್ಕೆ ಕಾರಣದ ಹಿಂದೆ ಮಾಹಿತಿ, ವಿವರ ಇರಬೇಕು. ಆರನೇ ತರಗತಿಯಿಂದ ಇದರ ಹೆಸರೇ ಬದಲಾಗಿ ‘ಆರ್ಗ್ಯುಮೆಂಟ್’, ಅಂದ್ರೆ ವಾದ, ಆಗುತ್ತೆ. ಒಂದೊಂದೇ ಮೆಟ್ಟಿಲು. ಅಲ್ಲಿನ ಶಾಲೆಗಳಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡೋ ಮಕ್ಕಳಿದ್ದಾರೆ, ಕನ್ನಡ ಮಾತಾಡೋ ಮಕ್ಕಳೂ ಇದ್ದಾರೆ. ಅವರೂ ಇದೇ ಮೆಟ್ಟಿಲು ಹತ್ತಬೇಕು.

ಕಾಮರ್ಸ್ ಓದಿದವರಿಗೆ ಇದು ಹೊಸದೇನಲ್ಲ. ಕಂಪನಿಯ ಆಡಿಟ್ ರಿಪೋರ್ಟ್ ತೆಗೆದು ನೋಡಿ. ಮೊದಲ ಭಾಗದ ಹೆಸರೇ ‘ಒಪಿನಿಯನ್’. ಅದರ ಕೆಳಗೆ ‘ಬೇಸಿಸ್ ಫಾರ್ ಒಪಿನಿಯನ್’. ಮೊದಲು ನನ್ನ ಅಭಿಪ್ರಾಯ ಇದು, ಆಮೇಲೆ ಅದಕ್ಕೆ ಆಧಾರ ಇದು. ಐದನೇ ಕ್ಲಾಸಿನ ಮಗುಗೆ ನಾವು ಹೇಳಿಕೊಡಬೇಕಾಗಿರೋದೂ ಅಷ್ಟೇ. ವೋಚರ್ ಇಲ್ಲದ ಖರ್ಚನ್ನ ಆಡಿಟರ್ ಸುಮ್ಮನೆ ಒಪ್ಪಲ್ಲ ಅಲ್ವಾ, ಕಾರಣ ಇಲ್ಲದ ಅಭಿಪ್ರಾಯಾನೂ ಹಾಗೇ.

ಮಗುಗೆ ಕಷ್ಟ ಆಗೋದು ಎಲ್ಲಿ?

ಇಂಗ್ಲಿಷ್‌ನಲ್ಲಿ ಅಭಿಪ್ರಾಯ ಬರೀ ಅಂದಾಗ ನಾವು ಒಂದೇ ಏಟಿಗೆ ಎರಡು ಕೆಲಸ ಕೊಡ್ತಿದ್ದೀವಿ. ಒಂದು ಯೋಚನೆ ಮಾಡೋದು, ಇನ್ನೊಂದು ಅದನ್ನ ಅರ್ಧಂಬರ್ಧ ಗೊತ್ತಿರೋ ಭಾಷೆಗೆ ತರೋದು. ಎರಡೂ ಒಟ್ಟಿಗೆ ಆಗದೇ ಇದ್ದಾಗ ಮಗು ಒಂದನ್ನ ಬಿಡುತ್ತೆ. ಇಂಗ್ಲಿಷ್ ತಪ್ಪಾದ್ರೆ ಕೆಂಪು ಗೆರೆ ಬೀಳುತ್ತೆ, ಯೋಚನೆ ಇಲ್ಲದಿದ್ದರೆ ಏನೂ ಆಗಲ್ಲ. ಹಾಗಾಗಿ ಯೋಚನೆಯನ್ನೇ ಬಿಡುತ್ತೆ. ಇದು ದಡ್ಡತನ ಅಲ್ಲ, ಲೆಕ್ಕಾಚಾರ.

ಕೆನಡಾದ ಜಿಮ್ ಕಮಿನ್ಸ್ ಅನ್ನೋ ಭಾಷಾ ಶಿಕ್ಷಣ ತಜ್ಞರು 1979ರಲ್ಲೇ ಎರಡು ಥರದ ಭಾಷೆಯನ್ನ ಬೇರೆ ಮಾಡಿ ತೋರಿಸಿದ್ರು. ಆಟದ ಮೈದಾನದ ಇಂಗ್ಲಿಷ್ ಒಂದು, ಪಾಠದ ಇಂಗ್ಲಿಷ್ ಇನ್ನೊಂದು. ಹೊಸದಾಗಿ ಬಂದ ಮಗುಗೆ ಮೊದಲನೇದು ಸುಮಾರು ಎರಡು ವರ್ಷದಲ್ಲಿ ಬರಬಹುದು. ಎರಡನೇದಕ್ಕೆ ಐದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಇದು ಸುತ್ತಲೂ ಇಂಗ್ಲಿಷ್ ಕೇಳಿಸೋ ದೇಶದ ಲೆಕ್ಕ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಇದೆ. 2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಶುರುವಾದವು. ಆದರೆ ಬಹಳ ಊರುಗಳಲ್ಲಿ ಶಾಲೆಯ ಗೇಟು ದಾಟಿದ ಮೇಲೆ ಇಂಗ್ಲಿಷ್ ಕಿವಿಗೆ ಬೀಳೋದು ಮೊಬೈಲಿಂದ ಮಾತ್ರ. ಹಾಗಿರೋವಾಗ ಮಗು ನಿಧಾನ ಅಂತ ಬೇಜಾರು ಮಾಡ್ಕೊಳ್ಳೋದರಲ್ಲಿ ಅರ್ಥ ಇಲ್ಲ.

ಕಮಿನ್ಸ್ ಹೇಳಿದ ಇನ್ನೊಂದು ಮಾತು ನಮಗೆ ಹೆಚ್ಚು ಬೇಕಾದದ್ದು. ಎರಡು ಭಾಷೆ ತಲೆಯೊಳಗೆ ಎರಡು ಬೇರೆ ಡಬ್ಬಗಳಲ್ಲಿ ಇರಲ್ಲ, ಅಡಿಯಲ್ಲಿ ಎರಡಕ್ಕೂ ಒಂದೇ ನೆಲ. ‘ಕಾರಣ ಕೊಡಬೇಕು’ ಅನ್ನೋದನ್ನ ಕನ್ನಡದಲ್ಲಿ ಕಲಿತ ಮಗು ಅದನ್ನ ಇಂಗ್ಲಿಷ್‌ನಲ್ಲಿ ಮತ್ತೆ ಮೊದಲಿಂದ ಕಲಿಯಬೇಕಾಗಿಲ್ಲ. ಅದಕ್ಕೇ ‘ಕ್ಲಾಸಲ್ಲಿ ಕನ್ನಡ ಮಾತಾಡಿದ್ರೆ ಫೈನ್’ ಅನ್ನೋ ನಿಯಮ ಇಲ್ಲಿ ಉಲ್ಟಾ ಹೊಡೆಯುತ್ತೆ. ಮಗುವಿನ ಹತ್ತಿರ ಇರೋ ಬಂಡವಾಳಾನೇ ಅದು.

ಕನ್ನಡದ ವಾಕ್ಯ ಕೊನೆವರೆಗೂ ಕಾಯುತ್ತೆ

ಇಲ್ಲೊಂದು ಚೂರು ವ್ಯಾಕರಣ. ಬೋರ್ ಹೊಡೆಸಲ್ಲ.

‘ಭಾನುವಾರ ಹೋಮ್‌ವರ್ಕ್ ಕೊಡಬಾರದು ಅಂತ ನನಗನ್ಸುತ್ತೆ.’ ಇದರಲ್ಲಿ ಬೇಕೋ ಬೇಡವೋ ಗೊತ್ತಾಗೋದು ‘ಬಾರದು’ ಬಂದಾಗ. ಇದು ನನ್ನ ಅಭಿಪ್ರಾಯ ಅಂತ ಗೊತ್ತಾಗೋದು ಕಟ್ಟಕಡೆಗೆ. ಇಂಗ್ಲಿಷ್‌ನಲ್ಲಿ ಇದೇ ಮಾತು ತಲೆಕೆಳಗು: ‘ಐ ಥಿಂಕ್ ವಿ ಶುಡ್ ನಾಟ್ ಗೆಟ್ ಹೋಮ್‌ವರ್ಕ್ ಆನ್ ಸಂಡೇ.’ ನನ್ನ ಅಭಿಪ್ರಾಯ ಅನ್ನೋದು ಮೊದಲು, ಬೇಡ ಅನ್ನೋದು ಆಮೇಲೆ, ಭಾನುವಾರ ಕೊನೆಗೆ. ‘ನನಗೆ ಇಷ್ಟ’ ಅನ್ನೋದು ‘ಐ ಲೈಕ್’ ಆಗುತ್ತೆ, ‘ನನಗೆ’ ಹೋಗಿ ‘ನಾನು’ ಬರುತ್ತೆ. ಕಾರಣದ ಕಥೇನೂ ಹಾಗೇ. ಕನ್ನಡದಲ್ಲಿ ‘ಮಳೆ ಬಂದಿದ್ದರಿಂದ ಆಡಲಿಲ್ಲ’ ಅಂತ ಕಾರಣ ಮುಂದೆ ಬರುತ್ತೆ. ಇಂಗ್ಲಿಷ್‌ನಲ್ಲಿ ಮಕ್ಕಳು ಮೊದಲು ಕಲಿಯೋ ‘ಬಿಕಾಸ್’ ವಾಕ್ಯದಲ್ಲಿ ಕಾರಣ ಹಿಂದೆ ಬರುತ್ತೆ.

ಮಗು ಪದಗಳನ್ನ ಹಿಂದೆ ಮುಂದೆ ಮಾಡಿದ್ರೆ ಅದು ಗಮನ ಇಲ್ಲದೆ ಮಾಡಿದ್ದಲ್ಲ, ಕನ್ನಡದ ಕ್ರಮವನ್ನ ಸರಿಯಾಗಿ ಪಾಲಿಸ್ತಿದೆ. ಎರಡು ವಾಕ್ಯಗಳನ್ನ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ಯಾವ ಪದ ಎಲ್ಲಿಗೆ ಓಡಿತು ಅಂತ ಬಾಣದ ಗುರುತು ಹಾಕಿ. ‘ಬೇಕು’ ಮತ್ತು ‘ಶುಡ್’ ಒಂದು ಬಣ್ಣದಲ್ಲಿ, ‘ಯಾಕಂದ್ರೆ’ ಮತ್ತು ‘ಬಿಕಾಸ್’ ಇನ್ನೊಂದು ಬಣ್ಣದಲ್ಲಿ ಇರಲಿ. ಹತ್ತು ನಿಮಿಷದ ಕೆಲಸ.

ಒಂದು ವಾರ, ಒಂದು ವಿಷಯ

ಈಗ ಕಲಿಸೋ ವಿಧಾನ. ವಿಷಯ ಮಕ್ಕಳಿಗೆ ನಿಜಕ್ಕೂ ತಟ್ಟೋ ಹಾಗಿರಬೇಕು. ನಾನು ಆರಿಸ್ಕೊಳ್ಳೋದು ಇದನ್ನ: ‘ಆಟದ ಪೀರಿಯಡ್ಡನ್ನ ಗಣಿತಕ್ಕೆ ತಗೋಬಹುದಾ?’ ಇದಕ್ಕೆ ಅಭಿಪ್ರಾಯ ಇಲ್ಲದ ಮಗು ಇಡೀ ಕರ್ನಾಟಕದಲ್ಲಿ ಸಿಗಲ್ಲ.

ವಿಷಯ ಆರಿಸೋವಾಗ ಒಂದು ಎಚ್ಚರಿಕೆ. ‘ಮಧ್ಯಾಹ್ನದ ಊಟದಲ್ಲಿ ಮೊಟ್ಟೆನಾ, ಬಾಳೆಹಣ್ಣಾ?’ ಅನ್ನೋದು ಸುಲಭದ ಪ್ರಶ್ನೆ ಥರ ಕಾಣುತ್ತೆ. ಆದರೆ ಅದರ ಹಿಂದೆ ಮನೆ ಇದೆ, ಜಾತಿ ಇದೆ. ಒಂದು ಮಗು ಎದ್ದು ನಿಂತು ತನ್ನ ಮನೆಯನ್ನ ಸಮರ್ಥಿಸಿಕೊಳ್ಳೋ ಪರಿಸ್ಥಿತಿ ತರಬಾರದು.

ಮೊದಲ ದಿನ ಪೂರ್ತಿ ಕನ್ನಡ. ‘ತಗೋಬಹುದು’ ಅನ್ನೋರು ಕಿಟಕಿ ಕಡೆ, ‘ತಗೋಬಾರದು’ ಅನ್ನೋರು ಬಾಗಿಲ ಕಡೆ ನಿಂತ್ಕೊಳ್ಳಲಿ. ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಲಿ. ಮನಸ್ಸು ಬದಲಾದವರು ಆ ಕಡೆಯಿಂದ ಈ ಕಡೆ ನಡೆದು ಬರಬಹುದು. ಇದು ಮುಖ್ಯ. ಅಭಿಪ್ರಾಯ ಬದಲಾಯಿಸಿದ್ರೆ ಸೋಲಲ್ಲ ಅಂತ ಕಾಲಲ್ಲೇ ಕಲೀತಾರೆ.

ಎರಡನೇ ದಿನ ಪದಗಳು. ನಿನ್ನೆ ಅವರೇ ಹೇಳಿದ ಮಾತಿಂದ ಎಂಟು ಹತ್ತು ಪದ ಆರಿಸಿ ಇಂಗ್ಲಿಷ್‌ನಲ್ಲಿ ಬರೀರಿ, ಪಕ್ಕದಲ್ಲಿ ಕನ್ನಡ: ಟೈರ್ಡ್, ಪ್ಲೇ, ಎವ್ರಿ ಡೇ, ಫೇರ್, ಅನ್‌ಫೇರ್, ಎಕ್ಸಾಂ. ಪಠ್ಯಪುಸ್ತಕದ ಕಷ್ಟದ ಪದ ಬೇಡ. ಅವರ ಬಾಯಿಗೆ ಈಗ ಬೇಕಾಗಿರೋ ಪದ ಸಾಕು.

ಮೂರನೇ ದಿನ ವಾಕ್ಯದ ಚೌಕಟ್ಟು. ‘ಐ ಥಿಂಕ್…’, ‘ಒನ್ ರೀಸನ್ ಈಸ್…’, ‘ಫಾರ್ ಎಕ್ಸಾಂಪಲ್…’, ‘ದಟ್ ಈಸ್ ವೈ…’. ಅಮೆರಿಕದ ಟೀಚರ್‌ಗಳು ಇದಕ್ಕೆ ಓರಿಯೋ ಅಂತಾರೆ: ಒಪಿನಿಯನ್, ರೀಸನ್, ಎಕ್ಸಾಂಪಲ್, ಮತ್ತೆ ಒಪಿನಿಯನ್. ಮೇಲೊಂದು ಬಿಸ್ಕತ್ತು, ಕೆಳಗೊಂದು ಬಿಸ್ಕತ್ತು, ನಡುವೆ ಕ್ರೀಮು. ಮಕ್ಕಳಿಗೆ ಒಂದೇ ಸಲಕ್ಕೆ ನೆನಪಿರುತ್ತೆ. ಆದರೆ ಇವತ್ತು ಬರೆಯೋದು ಬೇಡ, ಪಕ್ಕದವರ ಜೊತೆ ಮಾತಾಡಲಿ. ಬಾಯಲ್ಲಿ ಬರದ ವಾಕ್ಯ ಕೈಯಲ್ಲೂ ಬರಲ್ಲ.

ನಾಲ್ಕನೇ ದಿನ ಬರವಣಿಗೆ. ಮೊದಲು ಎಲ್ಲರೂ ಸೇರಿ ಬೋರ್ಡಿನ ಮೇಲೆ ಒಂದು ಬರೀರಿ, ಆದರೆ ಬೇರೆ ವಿಷಯದ ಮೇಲೆ. ಭಾನುವಾರದ ಹೋಮ್‌ವರ್ಕ್ ಬಗ್ಗೆ ಬೋರ್ಡಲ್ಲಿ, ಆಟದ ಪೀರಿಯಡ್ ಬಗ್ಗೆ ನೋಟ್‌ಬುಕ್ಕಲ್ಲಿ. ಇಲ್ಲದಿದ್ದರೆ ಬೋರ್ಡಲ್ಲಿದ್ದದ್ದೇ ಮೂವತ್ತು ನೋಟ್‌ಬುಕ್ಕಿಗೂ ಇಳಿಯುತ್ತೆ.

ಐದನೇ ದಿನ ಜೋರಾಗಿ ಓದಿ, ಕೇಳಿದವರು ‘ಐ ಅಗ್ರೀ’ ಅಥವಾ ‘ಐ ಡೋಂಟ್ ಅಗ್ರೀ, ಬಿಕಾಸ್…’ ಅನ್ನಬೇಕು. ಬರೀ ಚಪ್ಪಾಳೆ ಸಾಲದು.

ಒಂದೇ ಕ್ಲಾಸಲ್ಲಿ ಎಲ್ಲರ ಇಂಗ್ಲಿಷ್ ಒಂದೇ ಮಟ್ಟದಲ್ಲಿ ಇರಲ್ಲ. ಅಕ್ಷರ ಇನ್ನೂ ಕೂಡಿಸ್ತಿರೋ ಮಗು ಚಿತ್ರ ಬರೆದು ಕೆಳಗೆ ಎರಡು ಪದ ಬರೆದ್ರೆ ಸಾಕು. ನಡುವಿನವರಿಗೆ ಚೌಕಟ್ಟು ಕೊಡಿ. ಮುಂದಿರೋರಿಗೆ ಚೌಕಟ್ಟು ಬೇಡ, ಎದುರು ಪಕ್ಷದ ಒಂದು ಮಾತಿಗೆ ಉತ್ತರ ಬರೀರಿ ಅನ್ನಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಪಾಠ ಮಾಡಿದ ಮೇಷ್ಟ್ರುಗಳಿಗೆ ಇದನ್ನ ಹೊಸದಾಗಿ ಹೇಳಬೇಕಾಗಿಲ್ಲ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಮೆಟ್ಟಿಲಲ್ಲಿರೋ ಮಕ್ಕಳನ್ನ ನಡೆಸೋದು ಅವರಿಗೆ ಅಭ್ಯಾಸ.

ಚೌಕಟ್ಟೇ ಹೊಸ ಹಸುವಿನ ಪ್ರಬಂಧ ಆಗಬಾರದು

ಅಪಾಯ ಇರೋದು ಇಲ್ಲಿ. ‘ಐ ಥಿಂಕ್ ಗೇಮ್ಸ್ ಆರ್ ಇಂಪಾರ್ಟೆಂಟ್. ಒನ್ ರೀಸನ್ ಈಸ್ ಇಟ್ ಈಸ್ ಗುಡ್ ಫಾರ್ ಹೆಲ್ತ್.’ ಒಂದೂ ತಪ್ಪಿಲ್ಲದೆ ಮೂವತ್ತು ನೋಟ್‌ಬುಕ್ಕಲ್ಲೂ ಇದೇ ಬಂತು ಅಂದ್ರೆ ನಾವು ಮತ್ತೆ ಹಸುವಿನ ಹತ್ತಿರಾನೇ ಬಂದ್ವಿ. ಹೆಸರು ಮುಚ್ಚಿ ಓದಿ ನೋಡಿ, ಇದು ಯಾರು ಬರೆದದ್ದು ಅಂತ ಗೊತ್ತಾಗುತ್ತಾ? ಗೊತ್ತಾಗದಿದ್ದರೆ ಅದು ಅಭಿಪ್ರಾಯ ಅಲ್ಲ.

ನನ್ನ ಮನೆಪಾಠಕ್ಕೆ ಬರ್ತಿದ್ದ ಐದನೇ ಕ್ಲಾಸಿನ ಒಬ್ಬ ಹುಡುಗಿ ಈ ವಿಷಯದ ಮೇಲೇ ಹೀಗೆ ಬರೆದಿದ್ದಳು: ‘ಐ ಥಿಂಕ್ ವಿ ವಾಂಟ್ ಗೇಮ್ಸ್ ಪೀರಿಯಡ್. ಬಿಕಾಸ್ ಆಫ್ಟರ್ ಸ್ಕೂಲ್ ಐ ಲುಕ್ ಮೈ ಬ್ರದರ್. ಇನ್ ಹೌಸ್ ನೋ ಪ್ಲೇ.’

ಮೂರು ಸಾಲಲ್ಲಿ ಎಷ್ಟು ತಪ್ಪಿದೆ ಅಂತ ಎಣಿಸಬಹುದು. ‘ತಮ್ಮನ್ನ ನೋಡ್ಕೋತೀನಿ’ ಅನ್ನೋದು ನೇರ ‘ಲುಕ್’ ಆಗಿದೆ. ಆದರೆ ಅವಳು ಏನು ಹೇಳ್ತಿದ್ದಾಳೆ ನೋಡಿ. ಮನೆಗೆ ಹೋದ್ರೆ ತಮ್ಮನ್ನ ನೋಡ್ಕೋಬೇಕು. ದಿನಪೂರ್ತಿ ಅವಳು ಆಡೋಕೆ ಸಿಗೋದು ಆ ಒಂದು ಪೀರಿಯಡ್ ಮಾತ್ರ. ಅದನ್ನ ಗಣಿತಕ್ಕೆ ತಗೊಂಡ್ರೆ ಅವಳ ಇಡೀ ದಿನದ ಆಟ ಹೋಯ್ತು. ‘ಗುಡ್ ಫಾರ್ ಹೆಲ್ತ್’ ಅಂತ ಬರೆದ ಇಪ್ಪತ್ತು ವಾಕ್ಯ ಇದರ ಮುಂದೆ ನಿಲ್ಲಲ್ಲ. ಇದು ವೋಚರ್ ಸಮೇತ ಇರೋ ಅಭಿಪ್ರಾಯ.

ನಾನು ಪೆನ್ನು ಮುಟ್ಟೋಕೆ ಮೊದಲು ಕೇಳಿದ್ದು, ‘ತಮ್ಮನಿಗೆ ಎಷ್ಟು ವರ್ಷ?’ ಅವಳು ಹತ್ತು ನಿಮಿಷ ಮಾತಾಡಿದಳು. ಅಮ್ಮ ಕೆಲಸದಿಂದ ಬರೋದು ಏಳು ಗಂಟೆಗೆ, ತಮ್ಮ ಕೈ ಬಿಟ್ರೆ ರಸ್ತೆಗೆ ಓಡ್ತಾನೆ, ಹೀಗೆ. ‘ಇದನ್ನೇ ಇನ್ನೆರಡು ಸಾಲು ಸೇರಿಸು’ ಅಂದೆ. ಆಮೇಲೆ ‘ನೋಡ್ಕೊಳ್ಳೋದಕ್ಕೆ ಇಂಗ್ಲಿಷ್‌ನಲ್ಲಿ ಲುಕ್ ಆಫ್ಟರ್ ಅಂತಾರೆ’ ಅಂತ ಒಂದೇ ಒಂದು ತಿದ್ದುಪಡಿ ಮಾಡಿದೆ. ಆ ಪದ ಅವಳು ಮರೆಯಲಿಲ್ಲ, ಯಾಕಂದ್ರೆ ಅದು ಅವಳಿಗೆ ದಿನಾ ಬೇಕಾದ ಪದ.

ಅದೇ ಪುಟದ ಮೇಲೆ ಏಳು ಕೆಂಪು ಗೆರೆ ಬಿದ್ದಿದ್ರೆ? ಮುಂದಿನ ವಾರ ಅವಳೂ ‘ಗುಡ್ ಫಾರ್ ಹೆಲ್ತ್’ ಬರೀತಿದ್ದಳು. ತಪ್ಪಿಲ್ಲದ ಇಂಗ್ಲಿಷ್ ಸಿಗ್ತಿತ್ತು, ತಮ್ಮ ಕಾಣೆಯಾಗ್ತಿದ್ದ.

ಅದಕ್ಕೆ ತಿದ್ದೋವಾಗ ನಾನು ನೋಡೋದು ಮೂರು. ಅಭಿಪ್ರಾಯ ಸ್ಪಷ್ಟ ಇದೆಯಾ? ಕಾರಣ ಆ ಅಭಿಪ್ರಾಯಕ್ಕೆ ಹೊಂದುತ್ತಾ? ಉದಾಹರಣೆ ಸ್ವಂತದ್ದಾ? ವ್ಯಾಕರಣ ವಾರಕ್ಕೆ ಒಂದೇ ವಿಷಯ. ಈ ವಾರ ‘ಶುಡ್’ ಅಂದ್ರೆ ‘ಶುಡ್’ ಮಾತ್ರ, ಉಳಿದದ್ದು ಮುಂದಿನ ವಾರಕ್ಕೆ. ಹಾಗಂತ ವ್ಯಾಕರಣ ಬೇಡ ಅಂತಲ್ಲ. ಪರೀಕ್ಷೆಯಲ್ಲಿ, ಮುಂದೆ ಇಂಟರ್‌ವ್ಯೂನಲ್ಲಿ ತಪ್ಪು ಇಂಗ್ಲಿಷ್‌ಗೆ ಬೆಲೆ ಕಟ್ಟಬೇಕಾಗಿ ಬರೋದು ಇದೇ ಮಕ್ಕಳಿಗೆ. ಒಂದೊಂದಾಗಿ ಕಲಿಸಿದ್ರೆ ಉಳಿಯುತ್ತೆ, ಏಳು ಒಟ್ಟಿಗೆ ಕೊಟ್ರೆ ಒಂದೂ ಉಳಿಯಲ್ಲ.

ಚೌಕಟ್ಟು ಅನ್ನೋದು ಸಾಲ ಇದ್ದ ಹಾಗೆ. ವ್ಯಾಪಾರ ಶುರು ಮಾಡೋಕೆ ಬೇಕು, ಆದರೆ ತೀರಿಸ್ತಾ ಹೋಗಬೇಕು. ಮೊದಲ ತಿಂಗಳು ನಾಲ್ಕೂ ವಾಕ್ಯ ಕೊಡಿ, ಆಮೇಲೆ ಎರಡು, ಆಮೇಲೆ ಬರೀ ‘ಬಿಕಾಸ್’. ವರ್ಷದ ಕೊನೆಗೂ ಅದೇ ನಾಲ್ಕು ವಾಕ್ಯ ತುಂಬಿಸ್ತಿದ್ದರೆ ಮಗು ಬಡ್ಡಿ ಕಟ್ತಿದೆ ಅಷ್ಟೇ. ಎಐ ಆ್ಯಪ್‌ಗಳ ವಿಷಯಕ್ಕೂ ನನ್ನ ಅಳತೆ ಇದೇ. ‘ನೋಡ್ಕೊಳ್ಳೋದು ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ’ ಅಂತ ಕೇಳಿದ್ರೆ ವಾಕ್ಯ ಸಾಲ ತಗೊಂಡ ಹಾಗೆ, ತೊಂದರೆ ಇಲ್ಲ. ‘ಆಟದ ಪೀರಿಯಡ್ ಬಗ್ಗೆ ಐದು ಸಾಲು ಬರೆದುಕೊಡು’ ಅಂದ್ರೆ ಅಭಿಪ್ರಾಯವನ್ನೇ ಸಾಲ ತಗೊಂಡ ಹಾಗೆ. ಆ ಆ್ಯಪ್‌ಗೆ ತಮ್ಮ ಇಲ್ಲ.

ಇಷ್ಟೆಲ್ಲ ಯಾಕೆ ಬೇಕು?

ವಿಶ್ವಸಂಸ್ಥೆ 1989ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಅದರ 12ನೇ ವಿಧಿ ಹೇಳೋದು ಇದು: ತನಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳೋ ಹಕ್ಕು ಮಗುವಿಗಿದೆ, ಅದಕ್ಕೆ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತೆ. ಅಲ್ಲಿ ಮಗು ಎದ್ದು ‘ಶಾಲೆಯ ಶೌಚಾಲಯಕ್ಕೆ ನೀರು ಬೇಕು, ಯಾಕಂದ್ರೆ ಹುಡುಗಿಯರು ಮಧ್ಯಾಹ್ನಾನೇ ಮನೆಗೆ ಹೋಗ್ತಾರೆ’ ಅಂದ್ರೆ ಅದು ಅಭಿಪ್ರಾಯ, ಕಾರಣ, ಉದಾಹರಣೆ ಎಲ್ಲವೂ ಇರೋ ಮಾತು. ಓರಿಯೋ ಬಿಸ್ಕತ್ತು ಬರೋಕೆ ಮುಂಚೆಯೂ ನಮ್ಮ ಮಕ್ಕಳಿಗೆ ಇದು ಬರ್ತಿತ್ತು. ಅದನ್ನ ಇಂಗ್ಲಿಷ್‌ನಲ್ಲೂ ಹೇಳೋ ಹಾಗೆ ಮಾಡಿದ್ರೆ, ನಾಳೆ ಕಾಲೇಜಲ್ಲಿ, ಆಫೀಸಲ್ಲಿ, ಇಂಗ್ಲಿಷ್ ಗೊತ್ತಿರೋರ ಮುಂದೆ ‘ನೀವು ಹೇಳಿದ್ದೇ ಸರಿ ಸಾರ್’ ಅಂತ ತಲೆ ಆಡಿಸೋದು ತಪ್ಪುತ್ತೆ.

ಇದರಲ್ಲಿ ದೊಡ್ಡವರ ಕಡೆಯ ಕೆಲಸವೂ ಒಂದಿದೆ. ಮಕ್ಕಳು ‘ಆಟದ ಪೀರಿಯಡ್ ತಗೋಬೇಡಿ’ ಅಂತ ಕಾರಣ ಸಮೇತ ಬರೆದ ಮಾರನೇ ದಿನವೇ ಏನೂ ಹೇಳದೆ ಆ ಪೀರಿಯಡ್ಡನ್ನ ತಗೊಂಡ್ರೆ, ಅವರು ಕಲಿಯೋ ಪಾಠ ಒಂದೇ: ಅಭಿಪ್ರಾಯ ಬರೆಯೋದು ಮಾರ್ಕ್ಸಿಗೆ ಮಾತ್ರ. ಎಲ್ಲ ಬೇಡಿಕೆಯನ್ನೂ ಒಪ್ಪಲೇಬೇಕು ಅಂತಿಲ್ಲ. ‘ಪರೀಕ್ಷೆ ಹತ್ತಿರ ಇದೆ, ಈ ವಾರ ತಗೋತೀನಿ, ಮುಂದಿನ ವಾರ ವಾಪಸ್ ಕೊಡ್ತೀನಿ, ಯಾಕಂದ್ರೆ…’ ಅಂತ ಹೇಳಬಹುದಲ್ಲ. ಕಾರಣ ಕೇಳೋರು ಕಾರಣ ಕೊಡಲೂಬೇಕು.

ಈ ವಾರ ನೀವು ಮಾಡಬಹುದಾದ್ದು ಇಷ್ಟು. ಮನೆಯಲ್ಲಿ ಇಂಗ್ಲಿಷ್ ಕಲಿಯೋ ಮಗು ಇದ್ರೆ ಫೋನಲ್ಲಿ ರೆಕಾರ್ಡರ್ ಆನ್ ಮಾಡಿ, ಅದಕ್ಕೆ ಬೇಜಾರು ತರಿಸೋ ಒಂದು ನಿಯಮದ ಬಗ್ಗೆ ಕೇಳಿ. ಎರಡು ನಿಮಿಷ ಕನ್ನಡದಲ್ಲೇ ಮಾತಾಡಲಿ. ಆಮೇಲೆ ಮಗು ಅದನ್ನ ಕೇಳಿಸ್ಕೊಂಡು, ತನ್ನದೇ ಮಾತಿಂದ ಮೂರು ಸಾಲು ಇಂಗ್ಲಿಷ್‌ನಲ್ಲಿ ಬರೀಲಿ. ಪದ ಕೇಳಿದ್ರೆ ಹೇಳಿಕೊಡಿ, ಕಾರಣ ಮಾತ್ರ ನೀವು ಹೇಳಬೇಡಿ. ಹೇಗಾಯ್ತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ನಾನು ಹೇಳಿದ್ದನ್ನ ಒಪ್ಪದಿದ್ದರೂ ಕಳಿಸಿ, ಯಾಕೆ ಅಂತ ಮಾತ್ರ ಹೇಳಿ. ಮುಂದಿನ ಎಪಿಸೋಡಲ್ಲಿ ಸಿಗೋಣ.